ಎರಡು ಗ್ರಾಫಿಕ್ಸ್ ಕಾರ್ಡ್, ಒಂದೇ ಕಂಪ್ಯೂಟರ್: ಹೋಲಿಸಿ ನೋಡುವುದು ಹೇಗೆ?

“ಮಾವ, ಎರಡೂ ಒಂದೇ. ಸುಮ್ನೆ ತಲೆ ಕೆಡಿಸಿಕೊಂಡೆ” ಎಂದು ತೀರ್ಥಹಳ್ಳಿಯಿಂದ ಅಕ್ಕನ ಮಗ ಫೋನ್ ಮಾಡಿದ. ಗೇಮ್ ಆಡಲು ಅವನಿಗೊಂದು ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಸ್ನೇಹಿತ ಮಾರಲು ಇಟ್ಟಿದ್ದ ಹಳೆಯ ಆರ್‌ಟಿಎಕ್ಸ್ 3060 ಕೊಳ್ಳುವುದೋ, ಹೊಸ ಆರ್‌ಟಿಎಕ್ಸ್ 4060 ಕೊಳ್ಳುವುದೋ ಎಂಬ ಗೊಂದಲ. ಹಾಕಿ ನೋಡಲಿ ಎಂದು ಶಿವಮೊಗ್ಗದಲ್ಲಿದ್ದ ನನ್ನ 4060 ಅನ್ನೇ ಬಿಚ್ಚಿ ಕೊಟ್ಟಿದ್ದೆ. ಎರಡರಲ್ಲೂ ಬಂದದ್ದು 60 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ). ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬಂದರೆ ಅನುಮಾನ ಪಡಬೇಕು. ಅವನ ಮಾನಿಟರ್ 60 ಹರ್ಟ್ಸ್‌ನದು. ಗೇಮಿನಲ್ಲಿ ವಿ-ಸಿಂಕ್ ಆನ್ ಇತ್ತು. ಮಾನಿಟರ್ ತೋರಿಸುವಷ್ಟೇ ಫ್ರೇಮ್ ಕೊಡು ಎಂದು ಅದು ಕಾರ್ಡಿಗೆ ಕಡಿವಾಣ ಹಾಕುತ್ತದೆ. ಎರಡು ಎತ್ತನ್ನೂ ಗೂಟಕ್ಕೆ ಕಟ್ಟಿ ಯಾವುದು ಜೋರಾಗಿ ಓಡುತ್ತದೆ ಎಂದು ನೋಡಿದಂತಾಯಿತು. “ಮಾರಾಯ, ಮೊದಲು ವಿ-ಸಿಂಕ್ ತೆಗಿ, ಫ್ರೇಮ್ ಮಿತಿ ಇದ್ದರೆ ಅದನ್ನೂ ತೆಗಿ” ಎಂದೆ. ಉಳಿದದ್ದನ್ನು ಅವನಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಡಬ್ಬಿಯ ಮೇಲಿನ ಅಂಕಿ

2021ರಲ್ಲಿ ಬಂದ 3060ರಲ್ಲಿ 3584 ಕೋರ್‌ಗಳಿವೆ, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು. 2023ರಲ್ಲಿ ಬಂದ 4060ರಲ್ಲಿ 3072 ಮಾತ್ರ. ಹಾಗಂತ ಹಳೆಯದೇ ಜೋರು ಎಂದುಕೊಳ್ಳಬೇಡಿ. ಹೊಸದರ ಬೂಸ್ಟ್ ಕ್ಲಾಕ್ (ಜೋರಾಗಿ ದುಡಿಯುವಾಗಿನ ವೇಗ) 2.46 ಗಿಗಾಹರ್ಟ್ಸ್, ಹಳೆಯದರದ್ದು 1.78. ಒಳಗಿನ ವಿನ್ಯಾಸವೂ ಬೇರೆ. ತಲೆಮಾರು ಬದಲಾದರೆ ಕೋರ್ ಎಣಿಸಿ ಪ್ರಯೋಜನವಿಲ್ಲ. ಕಂಪನಿಯೇ ಬೇರೆಯಾದರಂತೂ, ಒಂದು ಎನ್‌ವಿಡಿಯಾ ಇನ್ನೊಂದು ಎಎಂಡಿ ಎಂದಾದರೆ, ಆ ಲೆಕ್ಕ ಬಿಟ್ಟೇಬಿಡಿ.

ಹಳೆಯದು ಕೊಳ್ಳುವವರಿಗೆ ಒಂದು ಎಚ್ಚರಿಕೆ. 3060 ಎಂಬ ಹೆಸರಿನಲ್ಲೇ 12 ಜಿಬಿ ಮೆಮೊರಿಯದೂ ಇದೆ, 8 ಜಿಬಿಯದೂ ಇದೆ. 8 ಜಿಬಿಯದರಲ್ಲಿ ಮೆಮೊರಿಯ ದಾರಿಯೂ ಕಿರಿದು: 192 ಬಿಟ್ ಬದಲು 128 ಬಿಟ್. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ನಿಮ್ಮ ಕೈಯಲ್ಲಿರುವುದು ಯಾವುದು ಎಂದು ತಕ್ಷಣ ಗೊತ್ತಾಗುತ್ತದೆ. ದುಡ್ಡು ಕೊಡುವ ಮೊದಲು ನೋಡಿ.

ಕಾರ್ಡ್ ಬದಲಿಸುವುದು

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ. ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ ಆಮೇಲೆ ಕೆಲಸಕ್ಕಿಳಿಯಿರಿ. ಸ್ಲಾಟಿನ ತುದಿಯಲ್ಲಿ ಚಿಕ್ಕ ಕೊಂಡಿ ಇರುತ್ತದೆ. ಅದನ್ನು ಒತ್ತದೆ ಎಳೆದರೆ ಸ್ಲಾಟೇ ಮುರಿಯಬಹುದು.

ಎರಡು ಬೇರೆ ಕಂಪನಿಯ ಕಾರ್ಡಾದರೆ ಹಳೆಯ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶ) ಪೂರ್ತಿ ತೆಗೆಯಬೇಕು. ಇದಕ್ಕೆ ಡಿಡಿಯು ಎಂಬ ತಂತ್ರಾಂಶ ಇದೆ. ಇಂಟರ್ನೆಟ್ ಕಡಿದು, ವಿಂಡೋಸ್ ಸೇಫ್ ಮೋಡಿನಲ್ಲಿ ಓಡಿಸಿ. ಎರಡೂ ಎನ್‌ವಿಡಿಯಾ ಆದರೆ ಒಂದೇ ಆವೃತ್ತಿಯ ಡ್ರೈವರ್ ಇರುವಂತೆ ನೋಡಿಕೊಂಡರೆ ಸಾಕು.

ಪ್ರೊಸೆಸರ್, ರ‍್ಯಾಮ್, ಗೇಮಿನ ಸೆಟ್ಟಿಂಗ್ಸ್ ಯಾವುದೂ ಬದಲಾಗಬಾರದು. ಬದಲಾಗಬೇಕಾದದ್ದು ಕಾರ್ಡ್ ಒಂದೇ. ಕೋಣೆಯ ಸೆಖೆಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ಒಂದು ಕಾರ್ಡ್, ರಾತ್ರಿ ಮಳೆ ಬಂದು ತಂಪಾದ ಮೇಲೆ ಇನ್ನೊಂದು ಕಾರ್ಡ್ ಅಳೆದು ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಬಿಸಿಯೇರಿದ ಕಾರ್ಡ್ ತಾನಾಗಿಯೇ ಕ್ಲಾಕ್ ಇಳಿಸಿಕೊಳ್ಳುತ್ತದೆ.

ಅಳೆಯುವುದು

ಸೈಬರ್‌ಪಂಕ್ 2077, ಫೋರ್ಝಾ ಹೊರೈಝನ್ 5ರಂಥ ಗೇಮುಗಳ ಒಳಗೇ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಪರೀಕ್ಷೆ ಇದೆ. ಪ್ರತಿ ಸಲವೂ ಅದೇ ದಾರಿ, ಅದೇ ದೃಶ್ಯ. ನೀವು ಆಡುವ ಗೇಮಿನಲ್ಲಿ ಅದಿಲ್ಲದಿದ್ದರೆ ಒಂದು ಜಾಗ ಗೊತ್ತು ಮಾಡಿಕೊಂಡು, ಅಲ್ಲಿಂದ ಒಂದೇ ದಾರಿಯಲ್ಲಿ ಒಂದು ನಿಮಿಷ ನಡೆಯಿರಿ. ಕ್ಯಾಪ್‌ಫ್ರೇಮ್‌ಎಕ್ಸ್ ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್ ಲೆಕ್ಕ ಬರೆದುಕೊಳ್ಳುತ್ತದೆ. ಮೊದಲ ಓಟ ಬಿಟ್ಟುಬಿಡಿ, ಆಗ ಗೇಮ್ ಇನ್ನೂ ಶೇಡರ್ (ದೃಶ್ಯ ಬಿಡಿಸಲು ಕಾರ್ಡಿಗೆ ಬೇಕಾದ ಪುಟ್ಟ ಪ್ರೋಗ್ರಾಂ) ಸಿದ್ಧ ಮಾಡಿಕೊಳ್ಳುತ್ತಿರಬಹುದು. ಆಮೇಲಿನ ಮೂರು ಓಟದ ಸರಾಸರಿ ಹಿಡಿಯಿರಿ.

ಆದರೆ ಸರಾಸರಿ ಎಫ್‌ಪಿಎಸ್ ಒಂದನ್ನೇ ನಂಬಬೇಡಿ. ಶಿವಮೊಗ್ಗದಿಂದ ಉಡುಪಿಗೆ ಹೋಗುವ ಬಸ್ಸಿನ ಸರಾಸರಿ ವೇಗ ಹೇಳಿದರೆ ಆಗುಂಬೆ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸಿದ್ದು ಗೊತ್ತಾಗುತ್ತದೆಯೇ? ಆ ತಿರುವುಗಳ ಲೆಕ್ಕ ಸಿಗುವುದು ‘1% ಲೋ’ ಎಂಬ ಅಂಕಿಯಲ್ಲಿ. ಅತಿ ನಿಧಾನವಾಗಿ ಬಂದ ನೂರಕ್ಕೊಂದು ಪಾಲು ಫ್ರೇಮುಗಳ ಕತೆ ಅದು. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ನಡುವೆ ಒಂದು ಫ್ರೇಮ್ 80 ಮಿಲಿಸೆಕೆಂಡ್ ತಗೊಂಡರೆ ಸರಾಸರಿ ಅಲುಗಾಡುವುದೂ ಇಲ್ಲ, ಆದರೆ ನಿಮ್ಮ ಕಣ್ಣಿಗೆ ಆಟ ಜಗ್ಗಿದಂತೆ ಕಾಣುತ್ತದೆ. ಈ ಅಂಕಿಯನ್ನು ಒಂದೊಂದು ತಂತ್ರಾಂಶ ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ಎರಡೂ ಕಾರ್ಡಿಗೆ ಒಂದೇ ತಂತ್ರಾಂಶ ಬಳಸಿ.

ಜೊತೆಗೆ ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆಯ ಮೇಲೂ ಕಣ್ಣಿಡಿ. ಅದು 95%ರ ಮೇಲಿದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ ಎಂದರ್ಥ. 60-70%ರಲ್ಲೇ ನಿಂತರೆ ಬಹುಪಾಲು ಪ್ರೊಸೆಸರ್ ಸುಸ್ತಾಗಿರುತ್ತದೆ, ಕಾರ್ಡ್ ಸುಮ್ನೆ ಕಾಯುತ್ತಿರುತ್ತದೆ. ಆಗ ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಅಷ್ಟೇ.

ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರಗಳ ಗುಣಮಟ್ಟ) ಏರಿಸುತ್ತಾ ಹೋಗಿ ಇನ್ನೊಮ್ಮೆ ಓಡಿಸಿ. 4060ರ 8 ಜಿಬಿ ತುಂಬಿದರೆ ಗೇಮ್ ಕಂಪ್ಯೂಟರಿನ ರ‍್ಯಾಮಿಗೆ ಕೈಚಾಚುತ್ತದೆ, ಅಲ್ಲಿ 1% ಲೋ ಬೀಳುತ್ತದೆ. ಹಳೆಯ ಮದರ್‌ಬೋರ್ಡಾದರೆ ಏಟು ಇನ್ನೂ ಜಾಸ್ತಿ. ಏಕೆಂದರೆ 3060 ಹದಿನಾರು ಪಿಸಿಐಇ ಲೇನ್ (ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಮಾಹಿತಿಯ ದಾರಿ) ಬಳಸಿದರೆ 4060ಕ್ಕೆ ಇರುವುದು ಎಂಟೇ. ಇಂಥ ಜಾಗದಲ್ಲಿ ಹಳೆಯ 12 ಜಿಬಿ ಕಾರ್ಡೇ ಮೇಲು. ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಎಐನಿಂದ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಎಲ್ಲ ಆಫ್ ಮಾಡಿಯೇ ಮೊದಲು ಅಳೆಯಿರಿ. 4060ರಲ್ಲಿರುವ ಫ್ರೇಮ್ ಜನರೇಷನ್ ನಡುನಡುವೆ ಫ್ರೇಮ್ ಸೇರಿಸಿ ಅಂಕಿ ಹಿಗ್ಗಿಸುತ್ತದೆ, ಆದರೆ ಮೌಸ್ ಅಲುಗಿಸಿದ್ದಕ್ಕೆ ಗೇಮ್ ಬೇಗ ಸ್ಪಂದಿಸುವುದಿಲ್ಲ.

ನಮ್ಮೂರಿನ ಪರೀಕ್ಷೆ

ಇದು ಯಾವ ವಿಡಿಯೊದಲ್ಲೂ ಸಿಗದ ಪರೀಕ್ಷೆ. ಮಲೆನಾಡಿನಲ್ಲಿ ಜೂನ್ ಬಂತೆಂದರೆ ತಂತಿ ಮೇಲೆ ಮರ ಬೀಳುವುದು, ಕರೆಂಟು ಹೋಗುವುದು ಮಾಮೂಲು, ಅಲ್ವಾ? 3060ಕ್ಕೆ 170 ವಾಟ್ ಬೇಕು, 4060ಕ್ಕೆ 115. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ ಆರೂವರೆ ಯೂನಿಟ್ ಆಸುಪಾಸಿನ ವ್ಯತ್ಯಾಸ. ಬಿಲ್ಲಿಗಿಂತ ಯುಪಿಎಸ್‌ನದೇ ಚಿಂತೆ. 600 ವಿಎ ಎಂದು ಬರೆದಿರುವ ಎಷ್ಟೋ ಯುಪಿಎಸ್ ಕೊಡುವುದು 360 ವಾಟ್ ಮಾತ್ರ. ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ಅದರ ಹತ್ತಿರ ಹೋದರೆ ಕರೆಂಟು ಹೋದ ಕೂಡಲೇ ಯುಪಿಎಸ್ ಕೂಗಿ ಕೈ ಎತ್ತುತ್ತದೆ. ಮುಖ್ಯ ಫೈಲುಗಳನ್ನೆಲ್ಲ ಉಳಿಸಿಕೊಂಡು, ಬೆಂಚ್‌ಮಾರ್ಕ್ ಓಡುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ.

ಅಕ್ಕನ ಮಗ ಅದನ್ನೂ ಮಾಡಿದ. 3060 ಹಾಕಿದಾಗ ಯುಪಿಎಸ್ ಕಿರುಚಿ ಎಲ್ಲ ಆರಿಹೋಯಿತಂತೆ. ಅವನು ಆಡುವುದು 1080ಪಿ ರೆಸಲ್ಯೂಷನ್ನಿನಲ್ಲಿ, ಹಗುರ ಗೇಮುಗಳನ್ನು. 8 ಜಿಬಿ ತುಂಬಲೇ ಇಲ್ಲ. 4060 ಸಾಕು ಎಂದು ತೀರ್ಮಾನಿಸಿ ಸ್ನೇಹಿತನ ಕಾರ್ಡ್ ವಾಪಸ್ ಕೊಟ್ಟ. ಹೊಸದು ಕೊಳ್ಳಲು ದುಡ್ಡು ಕೂಡಿಸುತ್ತಿದ್ದಾನೆ. ನನ್ನ 4060 ಇನ್ನೂ ತೀರ್ಥಹಳ್ಳಿಯಲ್ಲೇ ಇದೆ.