ಸ್ನೋ ಎತ್ತರ ನೋಡೋದು ಬಿಟ್ಟೆ, ತೂಕ ಹಾಕಿದೆ

ಅಮೆರಿಕದ ಮಿಶಿಗನ್ನಿನ ಕೀವಿನಾ ಕಡೆ ಒಂದು ಚಳಿಗಾಲ ಕಳೆದವರಿಗೆ ಸ್ನೋ ಸರಿಸುವ ಸ್ಕೂಪ್ ಹೇಗೆ ತಳ್ಳಬೇಕು, ಛಾವಣಿಯಿಂದ ಸ್ನೋ ಎಳೆಯುವ ರೂಫ್ ರೇಕ್ ಎಷ್ಟು ಉದ್ದ ಬೇಕು ಅಂತ ನಾನು ಹೇಳಬೇಕಾಗಿಲ್ಲ. ರಸ್ತೆಯ ಸ್ನೋ ತಳ್ಳುವ ಪ್ಲೌ ಗಾಡಿ ಹೋದ ಮೇಲೆ ಡ್ರೈವ್‌ವೇ ಬಾಯಲ್ಲಿ ಉಳಿಯುವ ದಿಬ್ಬದ ಕಥೆಯೂ ಎಲ್ಲರಿಗೂ ಗೊತ್ತು. ನಾನು ಬರೆಯೋದು ಒಂದೇ ವಿಷಯ. ಛಾವಣಿ ಮೇಲಿನ ಸ್ನೋ ಯಾವಾಗ ಇಳಿಸಬೇಕು, ಯಾವಾಗ ಮುಟ್ಟದೇ ಬಿಡಬೇಕು?

ನಮ್ಮದು ಕ್ಯಾಲುಮೆಟ್ ಊರಿನ ಆಚೆ, ಗುಡ್ಡದ ಮೇಲಿನ ಮನೆ. ಮಿಶಿಗನ್ನಿನ ಈ ತುದಿ ಸುಪೀರಿಯರ್ ಸರೋವರದ ಒಳಗೆ ಚಾಚಿಕೊಂಡಿದೆ. ವಾಯವ್ಯದಿಂದ ಒಣ ಚಳಿಗಾಳಿ ಬರುತ್ತದೆ, ನೀರಿನ ಮೇಲೆ ಹಾಯುವಾಗ ತೇವ ಹೀರಿಕೊಳ್ಳುತ್ತದೆ, ನಮ್ಮ ಗುಡ್ಡ ಏರುವಾಗ ಅಷ್ಟನ್ನೂ ಸುರಿದು ಹೋಗುತ್ತದೆ. ಮೊಹಾಕ್ ದಾಟಿ ಯುಎಸ್ 41 ರಸ್ತೆ ಬದಿಯಲ್ಲಿ ನಿಲ್ಲಿಸಿರುವ ಆ ಎತ್ತರದ ಅಳತೆ ಹಲಗೆ ನೋಡಿದ್ದೀರಲ್ವಾ? 1978-79ರ ಚಳಿಗಾಲದ 390.4 ಇಂಚು ಅದರ ನೆತ್ತಿಯಲ್ಲಿದೆ. ಇಲ್ಲಿ ಎಲ್ಲರ ಮಾತೂ ಆ ಹಲಗೆ ಥರಾನೇ, ಬರೀ ಎತ್ತರ.

ನಾನು ಕೊಪ್ಪ ತಾಲೂಕಿನವನು. ನಮ್ಮ ಕಡೆ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಅದೂ ಮಿಲಿಮೀಟರಿನಲ್ಲಿ ಅಲ್ಲ, ಇಂಚು ಮತ್ತು ಸೆಂಟ್ಸ್ ಲೆಕ್ಕ; ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಅಪ್ಪಯ್ಯ ಈಗಲೂ ಫೋನಿನಲ್ಲಿ ಮೊದಲು ಕೇಳೋದು 'ನಿನ್ನೆ ಎಷ್ಟು ಸೆಂಟ್ಸ್ ಬಿತ್ತೋ?' ಅಂತ. ಸ್ನೋಗೆ ಸೆಂಟ್ಸ್ ಎಲ್ಲಿಂದ ತರೋದು ಅಂತ ಯೋಚನೆ ಮಾಡುವಾಗಲೇ ಈ ದಾರಿ ಹೊಳೆದದ್ದು.

ಮೊದಲ ಚಳಿಗಾಲದಲ್ಲಿ ದುಡ್ಡು ಹೋದದ್ದೇ ಜಾಸ್ತಿ. ಛಾವಣಿಯ ಸ್ನೋ ಇಳಿಸುವವರು ಒಂದು ಸಲಕ್ಕೆ 350ರಿಂದ 400 ಡಾಲರ್ ತೆಗೆದುಕೊಳ್ಳುತ್ತಿದ್ದರು. ಮೊಣಕಾಲು ಮಟ್ಟ ಬಂದರೆ ಕರೆಯಿರಿ ಅನ್ನೋದು ಅವರ ಲೆಕ್ಕ. ಪಕ್ಕದ ಮನೆಯ ಫಿನ್ನಿಶ್ ಮೂಲದ ಅಜ್ಜ, ಎಪ್ಪತ್ತು ದಾಟಿದವರು, ಅದನ್ನೇ ಹೇಳುತ್ತಿದ್ದರು. ಅವರ ಅಪ್ಪ ತಾಮ್ರದ ಗಣಿಯಲ್ಲಿದ್ದವರು, ಆ ಕಾಲದಿಂದಲೂ ಇದೇ ಮೊಣಕಾಲಿನ ನಿಯಮವಂತೆ. ಜನವರಿ ಮುಗಿಯುವಷ್ಟರಲ್ಲಿ ಸಾವಿರ ಡಾಲರ್ ದಾಟಿತು.

ಆಮೇಲೆ ಧ್ವನಿ ಕಳಿಸಿ, ಅದು ವಾಪಸ್ ಬರುವ ಹೊತ್ತಿನಿಂದ ಸ್ನೋ ಎತ್ತರ ಅಳೆಯುವ ಒಂದು ಸೆನ್ಸರ್ ತರಿಸಿದೆ. ಸುಮಾರು 180 ಡಾಲರ್. ಹಗುರ ಸ್ನೋ ಮೇಲೆ ಅದರ ಆಟ ನಡೆಯಲಿಲ್ಲ. ಹತ್ತಿಯಂಥ ಪುಡಿ ಧ್ವನಿಯನ್ನೇ ನುಂಗುತ್ತದೆ, ಜೋರಾಗಿ ಬೀಳುವಾಗ ಗಾಳಿಯಲ್ಲಿರುವ ಸ್ನೋವನ್ನೇ ನೆಲ ಅಂದುಕೊಳ್ಳುತ್ತದೆ, ಚಳಿಗೆ ಬ್ಯಾಟರಿ ಬೇರೆ ಸಾಯುತ್ತದೆ. ಅದು ಸರಿಯಾಗಿ ಕೆಲಸ ಮಾಡಿದ್ದರೂ ಸಿಗುತ್ತಿದ್ದದ್ದು ಅದೇ ಎತ್ತರ ತಾನೇ?

ಹಾಗಾದರೆ ತೂಕವನ್ನೇ ನೋಡೋಣ ಅಂತ ಅಂಗಳದಲ್ಲಿ ಪ್ಲೈವುಡ್ ಹಲಗೆ ಇಟ್ಟು ಅದರಡಿ ತೂಕದ ಯಂತ್ರ ಕೂರಿಸಿದೆ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಮೇಲೆ ಬೀಳುತ್ತಲೇ ಇದೆ, ಮುಳ್ಳು ಮಾತ್ರ ಏರುತ್ತಿಲ್ಲ. ಸುತ್ತಲಿನ ಸ್ನೋ ಒಂದಕ್ಕೊಂದು ಕಚ್ಚಿಕೊಂಡು ಸೇತುವೆ ಥರ ಆಗಿ, ಹಲಗೆ ಮೇಲಿನ ಭಾರವನ್ನು ಪಕ್ಕಕ್ಕೆ ಹೊತ್ತುಬಿಡುತ್ತದೆ. ಹಲಗೆ ಸುತ್ತ ಗರಗಸದಲ್ಲಿ ಕೊಯ್ದರೆ ಸರಿಯಾಗುತ್ತದೆ, ದಿನಾ ಅದನ್ನು ಮಾಡೋರು ಯಾರು?

ಕೊನೆಗೆ ಕೈ ಹಿಡಿದದ್ದು ಒಂದು ಪೈಪು. ಕೊಕೊರಾಜ್ ಅಂತ ಸ್ವಯಂಸೇವಕರ ಮಳೆ-ಹಿಮ ಅಳತೆ ಜಾಲ ಇದೆ, 1998ರಲ್ಲಿ ಕೊಲೊರಾಡೊದಲ್ಲಿ ಶುರುವಾದದ್ದು. ಅವರ ಮಾಪಕದ ಬಾಯಿ 4 ಇಂಚು ಅಗಲ. ಅದನ್ನು ಬೋರಲು ಹಾಕಿ ಬಿಳಿ ಹಲಗೆ ಮೇಲಿನ ಸ್ನೋ ಕತ್ತರಿಸಿ ಕರಗಿಸುತ್ತಾರೆ. ನಾನು ಅದೇ ಅಗಲದ ಪಿವಿಸಿ ಪೈಪ್ ತಂದೆ. ಒಂದು ಬಾಯಿಗೆ ಗರಗಸದ ಹಲ್ಲು ಕೊಯ್ದೆ. ಕರಗಿಸುವ ಬದಲು ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟೆ.

ಲೆಕ್ಕ ಇಷ್ಟೇ. 4 ಇಂಚು ಅಗಲದ ಪೈಪಿನಲ್ಲಿ ಒಂದು ಇಂಚು ನೀರು ಅಂದರೆ 206 ಗ್ರಾಂ. ಅಂದರೆ ಎರಡು ಗ್ರಾಂಗೆ ಒಂದು ಸೆಂಟ್. ಅಪ್ಪಯ್ಯನ ಡೈರಿಗೆ ಅದು ಸಾಕು. ಒಂದು ಚದರ ಅಡಿ ಮೇಲೆ ಒಂದು ಇಂಚು ನೀರು ನಿಂತರೆ 5.2 ಪೌಂಡ್ ಭಾರ, ಹಾಗಾಗಿ ತಕ್ಕಡಿಯಲ್ಲಿ 40 ಗ್ರಾಂ ಕಂಡರೆ ಛಾವಣಿಯ ಒಂದೊಂದು ಚದರ ಅಡಿಯೂ ಒಂದು ಪೌಂಡ್ ಹೊತ್ತಿದೆ ಅಂತ. ಇದನ್ನು ನಾನೇ ಕೂತು ಬಿಡಿಸಿದ್ದು, ಈಗ ನಮ್ಮ ರಸ್ತೆಯಲ್ಲಿ ನಾಲ್ಕು ಮನೆಯವರು ಇದೇ ನಲವತ್ತರ ಲೆಕ್ಕ ಹಿಡಿದಿದ್ದಾರೆ.

ಪೈಪಿನ ಒಳಗೆ ಸ್ನೋ ಅಂಟಿಕೊಳ್ಳೋದು ದೊಡ್ಡ ತಲೆನೋವು. ಅಡುಗೆ ಎಣ್ಣೆ ಆಗಲ್ಲ. ಕೊಬ್ಬರಿ ಎಣ್ಣೆ ಅಂತೂ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಈಗ ನಾನು ಹಚ್ಚೋದೇನು ಅಂತ ಇಲ್ಲಿ ಬರೆಯಲ್ಲ, ಹುಡುಕೋಕೆ ನನಗೆ ಒಂದೂವರೆ ಚಳಿಗಾಲ ಹಿಡಿದಿದೆ. ತಕ್ಕಡಿಗೆ ಇಡುವ ಮುಂಚೆ ಪೈಪನ್ನು ಹೊರಗಿನ ಚಳಿಯಲ್ಲೇ ಇಟ್ಟಿರಬೇಕು ಅನ್ನೋದಷ್ಟು ಹೇಳ್ತೀನಿ.

ಒಂದು ಜನವರಿಯಲ್ಲಿ ಗ್ಯಾರೇಜ್ ಮೇಲೆ ಎರಡೂವರೆ ಅಡಿ ಕೂತಿತ್ತು. ಮೊಣಕಾಲು ಎಲ್ಲಿಗೆ ಬಂತು, ಸೊಂಟದ ಹತ್ತಿರ. ಅಜ್ಜ ಬಂದು ಇಳಿಸೋ ಅಂದರು. ಏಣಿ ಮೇಲೆ ನಿಂತು ಸೂರಿನ ಅಂಚಿನಿಂದ ಸ್ವಲ್ಪ ಒಳಗೆ ಮೂರು ಕಡೆ ಪೈಪ್ ಇಳಿಸಿದೆ. ಎಲ್ಲೂ 800 ಗ್ರಾಂ ಚಿಲ್ಲರೆಗಿಂತ ಮೇಲೆ ಹೋಗಲಿಲ್ಲ. ಅಂದರೆ 20 ಪೌಂಡ್ ಆಸುಪಾಸು. ಕಟ್ಟಿಸುವಾಗ ಕೊಟ್ಟ ಟ್ರಸ್ (ಛಾವಣಿ ಹೊರುವ ಚೌಕಟ್ಟು) ಕಾಗದದಲ್ಲಿ ಚದರ ಅಡಿಗೆ 70 ಪೌಂಡ್ ತಡೆಯುತ್ತದೆ ಅಂತಿದೆ, ನಾನು ಅದರ ಅರ್ಧ ಆದರೇ ಇಳಿಸೋನು. ಮುಟ್ಟಲಿಲ್ಲ. ಛಾವಣಿ ಇಳಿಸುವವರೊಬ್ಬರು ಆ ಕಡೆ ಹೋಗುವಾಗ ಗಾಡಿ ನಿಲ್ಲಿಸಿ, ಪೈಪ್ ನಂಬಿಕೊಂಡರೆ ಗ್ಯಾರೇಜ್ ಕಳೆದುಕೊಳ್ತೀರಿ ಅಂದರು. ಇರಲಿ ಅಂದೆ.

ಅದೇ ವರ್ಷ ಮಾರ್ಚಿನಲ್ಲಿ ಎಲ್ಲ ತಗ್ಗಿ ಒಂದೂಮುಕ್ಕಾಲು ಅಡಿಗೆ ಇಳಿದಿತ್ತು. ಊರೆಲ್ಲ ನಿರಾಳ. ಮೇಲಿಂದ ಒಂದು ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ತಕ್ಕಡಿ ಒಂದೂವರೆ ಕಿಲೋ ಹತ್ತಿರ ತೋರಿಸಿತು. 36 ಪೌಂಡ್! ಆ ಗ್ಯಾರೇಜಿನ ಲೆಕ್ಕಕ್ಕೆ ಒಂಬತ್ತು ಟನ್ ಮೇಲೆ. ನೋಡೋಕೆ ಕಡಿಮೆ, ಒಳಗೆಲ್ಲ ನೀರು ಕುಡಿದು ಕೂತಿದೆ. ಅವತ್ತೇ ಮಗನ ಜೊತೆ ಸೇರಿ ಇಳಿಸಿದೆ. ಆ ವಾರ ನಮ್ಮ ರಸ್ತೆಯಲ್ಲೇ ಒಂದು ಹಳೇ ದೋಣಿ ಶೆಡ್ ಕುಸಿಯಿತು, ಅದರ ಮೇಲೆ ಎರಡಡಿಯೂ ಇರಲಿಲ್ಲ. ಮರುದಿನ ಅಜ್ಜ ತಮ್ಮ ಸೌನಾ (ಬಿಸಿ ಹಬೆ ಸ್ನಾನದ) ಮನೆಯ ಛಾವಣಿ ತೂಗಿಸೋಕೆ ನನ್ನನ್ನು ಕರೆದರು. ತೂಗಿದ ಮೇಲೆ ಬಿಸಿ ಪ್ಯಾಸ್ಟಿ (ಹೂರಣ ತುಂಬಿ ಬೇಯಿಸಿದ ತಿಂಡಿ) ಕೊಟ್ಟರು, ಪೈಪಿನ ಬಗ್ಗೆ ಬೇರೆ ಮಾತೇ ಆಡಲಿಲ್ಲ.

ತಕ್ಕಡಿ ಕೈಗೆ ಬಂದ ಮೇಲೆ ಹೋಲಿಕೆ ಹುಚ್ಚು ಹತ್ತಿತು. ಈಗಲ್ ರಿವರ್‌ನಲ್ಲಿ, ಸರೋವರದ ದಡದಲ್ಲೇ ನಮ್ಮ ಸ್ನೇಹಿತರೊಬ್ಬರಿದ್ದಾರೆ. ಅವರಿಗೂ ಒಂದು ಪೈಪ್ ಕೊಯ್ದು ಕೊಟ್ಟೆ. ಸ್ನೋ ಎತ್ತರದಲ್ಲಿ ನಮ್ಮ ಗುಡ್ಡಕ್ಕೆ ಅವರ ದಡದ ಹೆಚ್ಚುಕಡಿಮೆ ಎರಡರಷ್ಟು. ನೀರಿನ ಲೆಕ್ಕದಲ್ಲಿ ಒಂದೂವರೆಯಷ್ಟೂ ಇಲ್ಲ. ದಡದಲ್ಲಿ ನವೆಂಬರ್, ಡಿಸೆಂಬರ್ ತನಕ ಸರೋವರದ ನೀರಿನ ಬಿಸಿ ಇರುತ್ತದೆ, ಹಾಗಾಗಿ ಅಲ್ಲಿ ಬೀಳೋದು ಒದ್ದೆ ಸ್ನೋ. ನಮ್ಮಲ್ಲಿ ಮೋಡದ ಚಳಿ ಮೈನಸ್ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದಾಗ ಗರಿಯಂಥ ನಕ್ಷತ್ರಾಕಾರದ ಹಳಕು ಬೀಳುತ್ತದೆ, 25 ಇಂಚು ಕರಗಿಸಿದರೂ ಒಂದು ಇಂಚು ನೀರು. ಆರು ಗಂಟೆಗೊಮ್ಮೆ ಹಲಗೆ ಒರೆಸಿ ಅಳೆಯುವವರಿಗೆ ದಿನಕ್ಕೊಮ್ಮೆ ಅಳೆಯುವವರಿಗಿಂತ ಜಾಸ್ತಿ ಇಂಚು ಸಿಗುತ್ತದೆ, ಯಾಕೆಂದರೆ ಸ್ನೋ ಕೂತಲ್ಲೇ ಕುಗ್ಗುತ್ತದೆ. ಯಾರ ಊರಿಗೆ ಜಾಸ್ತಿ ಅನ್ನೋ ಜಗಳಕ್ಕೆ ಅರ್ಧ ಕಾರಣ ಅದೇ. ನೀರು ಎಷ್ಟು ಸಲ ಅಳೆದರೂ ಅಷ್ಟೇ ಬರುತ್ತದೆ.

ಹೋದ ಚಳಿಗಾಲ ನನ್ನ ಅಂಗಳದ ಲೆಕ್ಕ 260 ಇಂಚು ಸ್ನೋ, ನೀರು 16 ಇಂಚು. ಅಪ್ಪಯ್ಯನಿಗೆ ಹೇಳಿದರೆ, 'ಅಷ್ಟೇನಾ? ಜುಲೈನಲ್ಲಿ ಜೋರು ಹಿಡಿದರೆ ಒಂದು ವಾರದ್ದು ಕಣೋ ಅದು' ಅಂದರು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಕ್ಟೋಬರಿನಲ್ಲಿ ಬೆಳ್ಳುಳ್ಳಿ ನೆಟ್ಟ ಎರಡು ಮಡಿಯಲ್ಲಿ ಒಂದರ ಸ್ನೋ ಆಗಾಗ ಸರಿಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಹೊರಗೆ ಮೈನಸ್ 20 ಇದ್ದಾಗಲೂ ಬಿಟ್ಟ ಮಡಿಯ ಮಣ್ಣು ಸೊನ್ನೆ ಹತ್ತಿರವೇ ನಿಂತಿತ್ತು. ಸರಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳ್ಳುಳ್ಳಿ ಏಳಲಿಲ್ಲ. ಸೆಪ್ಟಿಕ್ ಟ್ಯಾಂಕ್ ಮೇಲಿನ ಸ್ನೋ ತೆಗೆಯಬೇಡಿ ಅಂತ ಇಲ್ಲಿಯವರು ಹೇಳೋದು ಇದಕ್ಕೇ.

ಖರ್ಚು ಕೇಳುವವರಿಗೆ: ಪೈಪ್ ಮತ್ತು ತಕ್ಕಡಿ ಸೇರಿ 40 ಡಾಲರ್ ಒಳಗೆ. ಮೂರು ಚಳಿಗಾಲದಿಂದ ಯಾರನ್ನೂ ಕರೆಸಿಲ್ಲ, ವರ್ಷಕ್ಕೆ ಒಂದೋ ಎರಡೋ ಸಲ ನಾವೇ ಇಳಿಸುತ್ತೇವೆ. ನಿಮ್ಮ ಛಾವಣಿ ಎಷ್ಟು ತಡೆಯುತ್ತದೆ ಅನ್ನೋದನ್ನು ಮಾತ್ರ ನಿಮ್ಮ ಕಟ್ಟಡದ ಕಾಗದದಲ್ಲೇ ನೋಡಿ, ನನ್ನ ಅಂಕಿ ಹಿಡಿಯಬೇಡಿ. ಗಾಳಿ ಮರೆಯ ಬದಿಯಲ್ಲಿ ಗುಡ್ಡೆ ಬಿದ್ದಾಗ ಮೂರು ಕಡೆ ತೂಗಿದರೆ ಸಾಲದು, ಒಂದೇ ಇಳಿಜಾರಿನಲ್ಲಿ 15 ಪೌಂಡೂ ಸಿಗುತ್ತದೆ, 40ಕ್ಕೂ ಹೋಗುತ್ತದೆ. ಅದಕ್ಕೆ ಈ ಸಲ ಆ ಬದಿಯಲ್ಲೇ ಆರೇಳು ಕಡೆ ಗುರುತು ಹಾಕಿ ತೂಗೋಣ ಅಂತಿದ್ದೇನೆ.