ಅಳಿದುಹೋದ ಅನ್ಯಗ್ರಹ ಭಾಷೆಯನ್ನು ಬಿಡಿಸುವ ಕಥೆಯನ್ನು ಕಟ್ಟುವ ಬಗೆ

ಇಂಥ ಕಥೆ ಬರೆಯಲು ಹೊರಟವರು ಸಾಮಾನ್ಯವಾಗಿ ವಿಚಿತ್ರ ಅಕ್ಷರಗಳನ್ನು ರೂಪಿಸುವುದರಿಂದ ಆರಂಭಿಸುತ್ತಾರೆ. ಆದರೆ ಮೊದಲು ತೀರ್ಮಾನಿಸಬೇಕಾದದ್ದು ಆ ಭಾಷೆಯ ಬೀಗದ ಕೈ ಎಲ್ಲಿದೆ ಎಂಬುದನ್ನು. 1799ರಲ್ಲಿ ಈಜಿಪ್ಟಿನಲ್ಲಿ ದೊರೆತ ರೊಸೆಟ್ಟಾ ಶಿಲೆಯಲ್ಲಿ ಚಿತ್ರಲಿಪಿಯ ಶಾಸನವೇ ಗ್ರೀಕ್ ಭಾಷೆಯಲ್ಲೂ ಇದ್ದುದರಿಂದ, ಮತ್ತು ಪ್ರಾಚೀನ ಈಜಿಪ್ಟಿನ ಭಾಷೆಯಿಂದ ಬೆಳೆದ ಕಾಪ್ಟಿಕ್ ತನಗೆ ತಿಳಿದಿದ್ದುದರಿಂದ, ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ 1822ರಲ್ಲಿ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದನು. ನಿಮ್ಮ ನಾಯಕಿಗೆ ಈ ಎರಡೂ ಆಸರೆಗಳಿಲ್ಲ. ಹಾಗೆಂದು ಕಂಪ್ಯೂಟರು ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಅನುವಾದಿಸಿತು ಎಂದು ಬರೆಯಬೇಡಿ, ಏಕೆಂದರೆ ಓದುಗನು ಬಂದಿರುವುದೇ ಆ ಬಿಡಿಸುವಿಕೆಯನ್ನು ಕಾಣಲು.

ಬೀಗದ ಕೈಯನ್ನು ಪ್ರಕೃತಿಯಲ್ಲಿ ಹುಡುಕಿ. ಪಾಳುಬಿದ್ದ ಕೋಣೆಯ ಗೋಡೆಯ ಮೇಲೆ ಎರಡು, ಎಂಟು, ಎಂಟು, ಹದಿನೆಂಟು ಮನೆಗಳ ಸಾಲುಗಳಿವೆ ಎಂದುಕೊಳ್ಳೋಣ. ಅದು ಮೂಲವಸ್ತುಗಳ ಆವರ್ತ ಕೋಷ್ಟಕವೆಂದು ಅವಳಿಗೆ ಹೊಳೆಯುತ್ತದೆ. ಎರಡನೆಯ ಸಾಲನ್ನು ಎಡದಿಂದ ಎಣಿಸಿ, ಆರನೆಯ ಮನೆಯ ಗುರುತನ್ನು ಆಮ್ಲಜನಕವೆಂದು ಬರೆದುಕೊಳ್ಳುತ್ತಾಳೆ. ಆದರೆ ಬರವಣಿಗೆ ಬಲದಿಂದ ಎಡಕ್ಕೆ ಸಾಗುವುದಾದರೆ ಅದು ಮೂರನೆಯ ಮನೆ, ಅಂದರೆ ಬೋರಾನ್. ಸಾಲಿನ ಒಂದು ತುದಿಯಲ್ಲಿ ಜಾಗ ಸಾಲದೆ ಅಕ್ಷರಗಳು ಒತ್ತೊತ್ತಾಗಿ ಕುಳಿತಿದ್ದರೆ ಬರವಣಿಗೆ ಆ ಕಡೆಗೆ ಸಾಗಿದೆ ಎಂದರ್ಥ. ಸಿಂಧೂ ಲಿಪಿ ಬಹುಮಟ್ಟಿಗೆ ಬಲದಿಂದ ಎಡಕ್ಕೆ ಸಾಗುತ್ತದೆ ಎನ್ನಲು ವಿದ್ವಾಂಸರಿಗೆ ದೊರೆತ ಪುರಾವೆಗಳಲ್ಲಿ ಇದೂ ಒಂದು. ಅವಳು ಇದನ್ನು ಗಮನಿಸುವ ಹೊತ್ತಿಗೆ ಜೊತೆಗಾರನೊಬ್ಬ ಆ ಗುರುತಿನ ಸಿಲಿಂಡರಿನಲ್ಲಿ ಆಮ್ಲಜನಕವಿದೆ ಎಂದು ನಂಬಿ ಒಳಗೆ ಹೋಗಿರಲಿ. ತಪ್ಪು ಓದಿಗೆ ಬೆಲೆ ತೆರಬೇಕಾದಾಗಲೇ ಕಥೆಗೆ ಜೀವ ಬರುತ್ತದೆ.

ಲಿಪಿಯ ಬಗೆಯನ್ನು ಗುರುತುಗಳ ಎಣಿಕೆಯೇ ಸೂಚಿಸುತ್ತದೆ: ಮೂವತ್ತರ ಆಸುಪಾಸಿದ್ದರೆ ವರ್ಣಮಾಲೆ, ಎಂಬತ್ತು ತೊಂಬತ್ತಿದ್ದರೆ ಉಚ್ಚಾರಾಂಶಗಳ ಲಿಪಿ, ಸಾವಿರಾರಿದ್ದರೆ ಪದಕ್ಕೊಂದು ಚಿಹ್ನೆ ಇರುವ ಲಿಪಿ. ಅನ್ಯಗ್ರಹದವರಿಗೆ ಉಚ್ಚಾರವೇ ಇಲ್ಲದಿರಬಹುದು ಎಂಬುದನ್ನು ಮಾತ್ರ ಮರೆಯಬೇಡಿ.

ಅನಂತರದ್ದು ವ್ಯಾಕರಣ. ಕ್ರೀಟ್ ಮತ್ತು ಗ್ರೀಸಿನ ಲೀನಿಯರ್ ಬಿ ಎಂಬ ಪ್ರಾಚೀನ ಲಿಪಿಯ ಫಲಕಗಳ ಮೇಲೆ ದುಡಿದ ಆಲಿಸ್ ಕೋಬರ್, ಒಂದು ಅಕ್ಷರದ ಧ್ವನಿಯೂ ತಿಳಿಯದಿದ್ದಾಗಲೇ, ಮರವನ್ನು, ಮರಕ್ಕೆ, ಮರದಿಂದ ಎಂಬಂತೆ ಪದಗಳ ಕೊನೆ ಬದಲಾಗುವ ಕ್ರಮವನ್ನು ಗುರುತಿಸಿದರು. ಕಾಗದದ ಅಭಾವದ ದಿನಗಳಲ್ಲಿ ಅವರು ಸಾವಿರಾರು ಚೀಟಿಗಳನ್ನು ಸಿಗರೇಟಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದರು. ಆ ಶ್ರಮ ನನ್ನನ್ನು ಈಗಲೂ ಕಲಕುತ್ತದೆ. ನಿಮ್ಮ ನಾಯಕಿಯ ಮೇಜಿನ ಮೇಲೂ ಅಂಥದ್ದೊಂದು ಪೆಟ್ಟಿಗೆ ಇರಲಿ.

ಕಥೆಯ ತುದಿಗೆ ಪುರಾವೆಯನ್ನಿಡಿ. 1952ರಲ್ಲಿ ಮೈಕಲ್ ವೆಂಟ್ರಿಸ್ ಲೀನಿಯರ್ ಬಿ ಲಿಪಿಯನ್ನು ಬಿಡಿಸಿ, ಅದರ ಭಾಷೆ ಗ್ರೀಕ್ ಎಂದಾಗ ಅನುಮಾನಿಸಿದವರಿದ್ದರು. ಮರುವರ್ಷ, ಅವನು ಬಳಸದೇ ಇದ್ದ ಗ್ರೀಸಿನ ಪೈಲೋಸಿನ ಫಲಕವೊಂದರಲ್ಲಿ ಮೂರು ಕಾಲುಗಳ ಪಾತ್ರೆಯ ಚಿತ್ರದ ಪಕ್ಕದಲ್ಲೇ, ಅವನ ಓದಿನಂತೆ ‘ತಿ-ರಿ-ಪೊ’, ಅಂದರೆ ಗ್ರೀಕಿನಲ್ಲಿ ಮೂರು ಕಾಲಿನದು ಎಂಬ ಪದ ಸಿಕ್ಕಿತು. ನಿಮ್ಮ ನಾಯಕಿಯೂ ತಾನು ಹಿಂದೆಂದೂ ಕಾಣದ ಬಾಗಿಲೊಂದರ ಬರಹವನ್ನು ಗಟ್ಟಿಯಾಗಿ ಓದಲಿ, ಬಳಿಕ ಆ ಬಾಗಿಲನ್ನು ತೆರೆಯಲಿ.