ಕೋರ್ಸ್ ರಿಟೇಕ್ ಮಾಡಿದರೆ ಜಿಪಿಎ ಎಷ್ಟು ಏರುತ್ತದೆ? ನಾನು ಹಾಕಿದ ಲೆಕ್ಕ

ಅಮೆರಿಕದಲ್ಲಿ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವವರಿಗೆ ಎರಡು ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ) ಇರುತ್ತದೆ. ಒಂದು ಕಾಲೇಜು ತೋರಿಸುವುದು, ಇನ್ನೊಂದು ಆಮ್‌ಕ್ಯಾಸ್ ಅನ್ನುವ ಕೇಂದ್ರೀಕೃತ ಅರ್ಜಿ ಸೇವೆ ಲೆಕ್ಕ ಹಾಕುವುದು. ಎಂಡಿ (ಅಮೆರಿಕದಲ್ಲಿ ಡಾಕ್ಟರಾಗುವ ಮೂಲ ಪದವಿ) ಅರ್ಜಿಗಳು ಬಹುಪಾಲು ಆಮ್‌ಕ್ಯಾಸ್ ಮೂಲಕವೇ ಹೋಗುತ್ತವೆ. ಒಂದು ಕೋರ್ಸನ್ನು ಮತ್ತೆ ತಗೊಂಡರೆ ಎಷ್ಟೋ ಕಾಲೇಜುಗಳು ಹಳೇ ಗ್ರೇಡನ್ನು ಲೆಕ್ಕದಿಂದ ತೆಗೆದುಬಿಡುತ್ತವೆ. ಆಮ್‌ಕ್ಯಾಸ್ ಮಾತ್ರ ಎರಡನ್ನೂ ಎಣಿಸುತ್ತದೆ.

ನನಗೆ ಆರ್ಗಾನಿಕ್ ಕೆಮಿಸ್ಟ್ರಿಯ ಮೊದಲ ಸೆಮಿಸ್ಟರಿನಲ್ಲಿ ಸಿ ಮೈನಸ್ ಬಂದಿತ್ತು. ಫಿಸಿಕ್ಸ್‌ನ ಎರಡೂ ಸೆಮಿಸ್ಟರಿನಲ್ಲಿ ಸಿ ಪ್ಲಸ್. ಬೆಂಗಳೂರಿನ ಚಿಕ್ಕಮ್ಮ ಫೋನಿನಲ್ಲಿ, "ಮೂರನ್ನೂ ಮತ್ತೆ ಬರೆದುಬಿಡು ಕಣೋ, ಹಳೇ ಮಾರ್ಕ್ಸ್ ಯಾರು ನೋಡ್ತಾರೆ?" ಅಂದರು. ಅವರ ಮಗ ಎರಡನೇ ಸಲ ನೀಟ್ ಬರೆದು ಸೀಟು ತಗೊಂಡವನು. ಅಲ್ಲಿ ಆ ವರ್ಷದ ಅಂಕ ಬಂದರೆ ಮುಗಿಯಿತು. ಇಲ್ಲಿ ಹಾಗಲ್ಲ.

ಸುಮ್ನೆ ಊಹಿಸುವ ಬದಲು ಎಕ್ಸೆಲ್ ತೆಗೆದು ಕೂತೆ. ಮೂರನೇ ವರ್ಷದ ಕೊನೆಗೆ 90 ಕ್ರೆಡಿಟ್, ಜಿಪಿಎ 3.20. ಗುಣಿಸಿದರೆ 288 ಪಾಯಿಂಟ್. ಆರ್ಗಾನಿಕ್ 4 ಕ್ರೆಡಿಟ್‌ನ ಕೋರ್ಸು, ಸಿ ಮೈನಸ್ ಅಂದರೆ 1.7. ಮತ್ತೆ ತಗೊಂಡು ಎ, ಅಂದರೆ 4.0, ಬಂದರೆ ಕಾಲೇಜಿನ ಲೆಕ್ಕದಲ್ಲಿ 6.8 ಹೋಗಿ 16 ಬರುತ್ತದೆ, ಜಿಪಿಎ 3.30. ಆಮ್‌ಕ್ಯಾಸ್‌ನಲ್ಲಿ 288ಕ್ಕೆ 16 ಸೇರಿ 304, ಭಾಗಿಸುವುದು 94ರಿಂದ. ಬರುವುದು 3.23. ಇಡೀ ಸೆಮಿಸ್ಟರ್ ಒದ್ದಾಡಿದರೆ ಇಷ್ಟೇ!

ಇನ್ನೊಂದು ವಿಷಯ ಆಗಲೇ ಹೊಳೆಯಿತು. ಹಳೇ ಗ್ರೇಡ್ ಹೇಗೂ ಉಳಿಯುತ್ತದೆ ಅಂದಮೇಲೆ, ಹಳೇ ಕೋರ್ಸಿನಲ್ಲಿ ಎ ತಗೊಂಡರೂ ಅಷ್ಟೇ, ಅಷ್ಟೇ ಕ್ರೆಡಿಟ್ಟಿನ ಹೊಸ ಕೋರ್ಸಿನಲ್ಲಿ ಎ ತಗೊಂಡರೂ ಅಷ್ಟೇ. ಆಮ್‌ಕ್ಯಾಸ್ ಜಿಪಿಎಗೆ ಒಂದೇ ಲಾಭ. ಹಾಗಿದ್ದರೆ ಫಿಸಿಕ್ಸ್ ಮತ್ತೆ ಯಾಕೆ ಓದಬೇಕು, ಅಲ್ವಾ? ಸಿ ಪ್ಲಸ್ ಇದ್ದರೆ ಸಾಮಾನ್ಯವಾಗಿ ಪ್ರೀರಿಕ್ವಿಸಿಟ್ (ಪ್ರವೇಶಕ್ಕೆ ಮೊದಲೇ ಮುಗಿಸಿರಬೇಕಾದ ಕೋರ್ಸ್) ಆಗಿ ನಡೆಯುತ್ತದೆ. ಸಿ ಮೈನಸ್ಸನ್ನು ಮಾತ್ರ ಬಹಳ ಸ್ಕೂಲುಗಳು ಒಪ್ಪುವುದಿಲ್ಲ. ಹಾಗಾಗಿ ಆರ್ಗಾನಿಕ್ ಒಂದನ್ನೇ ರಿಟೇಕ್ ಮಾಡಿದೆ, ಅದೂ ನಮ್ಮ ಕಾಲೇಜಿನಲ್ಲೇ. ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಫೀಸ್ ಕಡಿಮೆ, ನಿಜ. ಆದರೆ ಸುಲಭದ ದಾರಿ ಹಿಡಿದ ಅನ್ನುವ ಅನುಮಾನಕ್ಕೆ ಯಾಕೆ ಜಾಗ ಕೊಡಬೇಕು ಅನ್ನಿಸಿತು.

ಉಳಿದ ಶಕ್ತಿಯನ್ನೆಲ್ಲ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಜೆನೆಟಿಕ್ಸ್, ಸೆಲ್ ಬಯಾಲಜಿ, ಮೈಕ್ರೋಬಯಾಲಜಿಗೆ ಹಾಕಿದೆ. ಒಟ್ಟು 20 ಕ್ರೆಡಿಟ್. ಆಮ್‌ಕ್ಯಾಸ್ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಸೇರಿಸಿ ಬಿಸಿಪಿಎಂ ಅಂತ ಬೇರೆಯೇ ಜಿಪಿಎ ತೆಗೆಯುತ್ತದೆ. ನನ್ನದು 40 ಕ್ರೆಡಿಟ್‌ಗೆ 2.90 ಇತ್ತು. ರಿಟೇಕ್ ಆದಮೇಲೆ 3.00. ಈ ಕೋರ್ಸುಗಳಲ್ಲೆಲ್ಲ ಎ ಬಂದಮೇಲೆ 3.31. ಬಯೋಕೆಮಿಸ್ಟ್ರಿ ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆಗೂ ಬೇಕೇ ಬೇಕು, ಅದು ಬೋನಸ್.

ಸೀನಿಯರ್‌ಗಳು ಕೆಲವರು "ಡಿಓಗೆ ಹಾಕು, ಅಲ್ಲಿ ಹಳೇ ಗ್ರೇಡ್ ಹೋಗುತ್ತೆ" ಅಂತ ಈಗಲೂ ಹೇಳುತ್ತಾರೆ. ಡಿಓ ಅಂದರೆ ಆಸ್ಟಿಯೋಪಥಿಕ್ ವೈದ್ಯ ಪದವಿ, ಅದಕ್ಕೆ ಬೇರೆಯೇ ಅರ್ಜಿ. ಒಂದು ಕಾಲಕ್ಕೆ ಡಿಓ ಅರ್ಜಿಯಲ್ಲಿ ಹಾಗೆಯೇ ಇತ್ತು. 2017ರಲ್ಲಿ ಅದನ್ನು ನಿಲ್ಲಿಸಿದರು.

ಅರ್ಜಿ ತುಂಬುವಾಗ ಪ್ರತಿ ಕೋರ್ಸನ್ನೂ ಟ್ರಾನ್ಸ್‌ಕ್ರಿಪ್ಟ್ ನೋಡಿ ನಾವೇ ಟೈಪ್ ಮಾಡಬೇಕು. ಎರಡು ಸಲ ತಗೊಂಡ ಕೋರ್ಸಿಗೆ 'ರಿಪೀಟ್' ಗುರುತು ಹಾಕಬೇಕು. ಕಾಲೇಜಿನ ಜಿಪಿಎಯಿಂದ ಮಾಯವಾದ ಗ್ರೇಡನ್ನೂ ಬರೆಯಲೇಬೇಕು. ಅವರು ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಜೊತೆ ಸಾಲು ಸಾಲಾಗಿ ತಾಳೆ ನೋಡುತ್ತಾರೆ. ನನ್ನ ಅರ್ಜಿ ತಾಳೆಯಾಗಿ ಬಂದಾಗ ಬಿಸಿಪಿಎಂ 3.31 ಅಂತಲೇ ಇತ್ತು. ಇಂಟರ್‌ವ್ಯೂನಲ್ಲಿ ಆ ಸಿ ಮೈನಸ್ ಬಗ್ಗೆ ಕೇಳಿದರು. ಎರಡನೇ ಸಲ ಓದುವ ರೀತಿ ಹೇಗೆ ಬದಲಾಯಿಸಿದೆ ಅಂತ ಹೇಳಿದೆ. ಫಿಸಿಕ್ಸ್ ಬಗ್ಗೆ ಯಾರೂ ಕೇಳಲಿಲ್ಲ.